ಮೂರು ವಾರ ಎಂದದ್ದು ಇಪ್ಪತ್ತಾರು ವರ್ಷವಾಯಿತು: ಬೆಟ್ಟದ ಮಣ್ಣು ಮತ್ತು ವಿಕಿರಣ

1986ರ ಜೂನ್ 20ರಂದು ಬ್ರಿಟನ್ ಸರ್ಕಾರ ಕಂಬ್ರಿಯಾ ಮತ್ತು ಉತ್ತರ ವೇಲ್ಸ್‌ನ ಬೆಟ್ಟಗಳಲ್ಲಿ ಕುರಿ ಸಾಕುವವರಿಗೆ ಒಂದು ಆದೇಶ ಹೊರಡಿಸಿತು. ಕುರಿಗಳನ್ನು ಕಡಿಯುವಂತಿಲ್ಲ, ಬೇರೆಡೆಗೆ ಸಾಗಿಸುವಂತಿಲ್ಲ. ಎಂಟು ವಾರಗಳ ಹಿಂದೆ ಚೆರ್ನೋಬಿಲ್ ಪರಮಾಣು ಸ್ಥಾವರ ಸಿಡಿದಾಗ ಗಾಳಿಗೆ ಸೇರಿದ್ದ ಸೀಸಿಯಂ ಎಂಬ ವಿಕಿರಣಶೀಲ ವಸ್ತು ಆ ಕುರಿಗಳ ಮಾಂಸದಲ್ಲಿ ಮಿತಿಮೀರಿ ಕಾಣಿಸಿಕೊಂಡಿತ್ತು. ಮೂರು ವಾರ ತಡೆದುಕೊಳ್ಳಿ, ಅಷ್ಟರಲ್ಲಿ ಎಲ್ಲ ಇಳಿದುಹೋಗುತ್ತದೆ ಎಂದು ತಜ್ಞರು ಭರವಸೆ ಕೊಟ್ಟರು. ಮೂರು ವಾರ ಕಳೆಯಿತು, ಸೀಸಿಯಂ ಇಳಿಯಲಿಲ್ಲ. ಜುಲೈ ಮುಗಿಯುವ ಮೊದಲೇ ನಿರ್ಬಂಧಕ್ಕೆ ಗಡುವೇ ಇಲ್ಲದಂತಾಯಿತು. ಆ ಆದೇಶ ಪೂರ್ತಿಯಾಗಿ ರದ್ದಾದದ್ದು 2012ರ ಜೂನ್ 1ರಂದು. ಆವತ್ತಿಗೂ ಉತ್ತರ ವೇಲ್ಸ್‌ನ 334 ಮತ್ತು ಕಂಬ್ರಿಯಾದ 8 ಫಾರ್ಮ್‌ಗಳು ಪಟ್ಟಿಯಲ್ಲಿ ಉಳಿದಿದ್ದವು.

ಮೂರು ವಾರದ ಲೆಕ್ಕ ಹಾಕಿದವರಿಗೆ ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ ಎನ್ನುವುದು ಚೆನ್ನಾಗಿಯೇ ಗೊತ್ತಿತ್ತು. ಇದ್ದ ಸೀಸಿಯಂನಲ್ಲಿ ಅರ್ಧ ಕರಗಲು 30 ವರ್ಷ, ಉಳಿದರ್ಧದ ಅರ್ಧಕ್ಕೆ ಮತ್ತೆ 30 ವರ್ಷ. ಆದರೂ ಅವರು ಮೂರು ವಾರ ಸಾಕು ಎಂದದ್ದಕ್ಕೆ ಕಾರಣ ಮಣ್ಣಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ. ನೆಲಕ್ಕೆ ಬಿದ್ದ ಸೀಸಿಯಂ ಬೇಗನೆ ಜೇಡಿಮಣ್ಣಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಹುಲ್ಲಿನ ಬೇರಿಗೆ ಸಿಗುವುದಿಲ್ಲ ಎಂದು ಅವರು ಪ್ರಯೋಗಗಳಿಂದ ಕಂಡುಕೊಂಡಿದ್ದರು. ಆ ಪ್ರಯೋಗಗಳು ನಡೆದದ್ದು ಬಯಲಿನ ಮಣ್ಣಿನಲ್ಲಿ. ಬೆಟ್ಟದ ಮಣ್ಣು ಬೇರೆಯದೇ ರೀತಿ ನಡೆದುಕೊಂಡಿತು.

ವಿಕಿರಣದ ಸುದ್ದಿ ಬಂದಾಗಲೆಲ್ಲ ನಾವು ಕೇಳುವುದು ಎಷ್ಟು ಬಿತ್ತು, ಅದರ ಆಯಸ್ಸೆಷ್ಟು ಎಂಬ ಎರಡೇ ಪ್ರಶ್ನೆ. ಎಂಥ ಮಣ್ಣಿನ ಮೇಲೆ ಬಿತ್ತು ಎಂಬ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಬೆಟ್ಟಗಳ ವಿಷಯದಲ್ಲಂತೂ ಅದೇ ಮುಖ್ಯ ಪ್ರಶ್ನೆ ಎನ್ನುವುದು ನನ್ನ ನಂಬಿಕೆ.

ಮೊದಲಿನಿಂದಲೂ ಇದ್ದದ್ದು

ಮನುಷ್ಯ ಪರಮಾಣುವಿಗೆ ಕೈಹಾಕುವ ಮೊದಲೂ ಮಣ್ಣಿನಲ್ಲಿ ವಿಕಿರಣಶೀಲತೆ ಇತ್ತು. ಭೂಮಿ ಹುಟ್ಟಿದಾಗಲೇ ಅದರೊಳಗೆ ಸೇರಿಕೊಂಡ ಮೂರು ವಸ್ತುಗಳು ಇಂದಿಗೂ ಪೂರ್ತಿ ಕರಗಿಲ್ಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಹೆಚ್ಚುಕಡಿಮೆ ಭೂಮಿಯ ವಯಸ್ಸೇ. ಥೋರಿಯಂ-232ರದ್ದು ಸುಮಾರು 1400 ಕೋಟಿ ವರ್ಷ. ಮೂರನೆಯದು ಪೊಟ್ಯಾಸಿಯಂ-40, ಅದರ ಅರ್ಧಾಯುಷ್ಯ 125 ಕೋಟಿ ವರ್ಷ. ಬಾಳೆಹಣ್ಣು, ಎಳನೀರು, ನಮ್ಮ ಮೈ, ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ, ಎಲ್ಲೆಲ್ಲಿ ಪೊಟ್ಯಾಸಿಯಂ ಇದೆಯೋ ಅಲ್ಲೆಲ್ಲ ಅದರ ಹತ್ತು ಸಾವಿರ ಪರಮಾಣುಗಳಿಗೆ ಒಂದರಂತೆ ಈ ವಿಕಿರಣಶೀಲ ಪೊಟ್ಯಾಸಿಯಂ ಇದ್ದೇ ಇರುತ್ತದೆ.

ಅಳತೆಯ ಮಾನ ಬೆಕೆರೆಲ್. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಜಗತ್ತಿನ ಸಾಮಾನ್ಯ ಮಣ್ಣಿನ ಒಂದು ಕಿಲೊದಲ್ಲಿ ಪೊಟ್ಯಾಸಿಯಂ-40 ಸುಮಾರು 400 ಬೆಕೆರೆಲ್, ಯುರೇನಿಯಂ ಮತ್ತು ಥೋರಿಯಂ ತಲಾ ಮೂವತ್ತರ ಆಸುಪಾಸು. ದೊಡ್ಡವರೊಬ್ಬರ ದೇಹದಲ್ಲೇ ಪೊಟ್ಯಾಸಿಯಂ-40ರಿಂದ ಸುಮಾರು 4000 ಬೆಕೆರೆಲ್ ಇರುತ್ತದೆ. ಬೆಕೆರೆಲ್ ಬಹಳ ಸಣ್ಣ ಮಾನ. ಪತ್ರಿಕೆಯಲ್ಲಿ ಸಾವಿರಗಟ್ಟಲೆ ಬೆಕೆರೆಲ್ ಎಂದು ಓದಿದಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬೆಟ್ಟಗಳಲ್ಲಿ ಈ ಸಂಖ್ಯೆಗಳು ಕಲ್ಲಿನ ಜಾತಿಯನ್ನು ಹೇಳಿಬಿಡುತ್ತವೆ. ಬಯಲಿನ ಮಣ್ಣು ನದಿ ಹೊತ್ತು ತಂದದ್ದು, ಹತ್ತು ಕಡೆಯ ಮಣ್ಣು ಅಲ್ಲಿ ಬೆರೆತಿರುತ್ತದೆ. ಬೆಟ್ಟದ ಮಣ್ಣಿನ ಪದರ ತೆಳ್ಳಗೆ, ಅದರಲ್ಲಿರುವುದು ಹೆಚ್ಚಾಗಿ ಕೆಳಗಿನ ಬಂಡೆಯದೇ ಪುಡಿ. ಗ್ರಾನೈಟ್ ಬೆಟ್ಟದ ಮಣ್ಣಿನಲ್ಲಿ ಪೊಟ್ಯಾಸಿಯಂ-40 ಕಿಲೊಗೆ ಸಾವಿರ ಬೆಕೆರೆಲ್ ದಾಟುವುದು ಅಪರೂಪವೇನಲ್ಲ. ಸುಣ್ಣಕಲ್ಲಿನಲ್ಲಿ ಅದು ಅದರ ಹತ್ತನೇ ಒಂದು ಭಾಗವೂ ಇರದೆ ಹೋಗಬಹುದು. ಗ್ರಾನೈಟ್‌ಗೆ ಯಾಕೆ ಈ ಪಾಲು? ಭೂಗರ್ಭದ ಕರಗಿದ ಶಿಲಾರಸ ತಣ್ಣಗಾಗುವಾಗ ಖನಿಜಗಳು ಒಂದೊಂದಾಗಿ ಹರಳುಗಟ್ಟುತ್ತವೆ. ಯುರೇನಿಯಂ, ಥೋರಿಯಂ ಅಯಾನುಗಳಿಗೆ (ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳಿಗೆ) ಮೊದಲು ಹರಳುಗಟ್ಟುವ ಖನಿಜಗಳಲ್ಲಿ ಜಾಗ ಸಿಗುವುದಿಲ್ಲ. ಹೀಗಾಗಿ ಅವು ಕೊನೆಗೆ ಉಳಿದ ರಸದಲ್ಲೇ ಉಳಿಯುತ್ತ, ಸಾಂದ್ರವಾಗುತ್ತ ಹೋಗುತ್ತವೆ. ಆ ಕೊನೆಯ ರಸ ಗಟ್ಟಿಯಾದರೆ ಗ್ರಾನೈಟ್.

ಬಂಡೆ ಶಿಥಿಲವಾಗಿ ಮಣ್ಣಾಗುವಾಗ ಇವುಗಳ ದಾರಿ ಬೇರೆಬೇರೆಯಾಗುತ್ತದೆ. ಗಾಳಿಯ ಆಮ್ಲಜನಕ ತಾಗಿದ ಯುರೇನಿಯಂ ನೀರಿನಲ್ಲಿ ಕರಗಿ ಹರಿದುಹೋಗಬಲ್ಲದು. ಥೋರಿಯಂ ಹಾಗೆ ಕರಗುವುದಿಲ್ಲ. ಮಾನಜೈಟ್, ಜಿರ್ಕಾನ್‌ನಂಥ ಗಟ್ಟಿ ಕಾಳುಗಳೊಳಗೆ ಕೂತು ಕಾಳಿನ ಜೊತೆಗೇ ಸಾಗುತ್ತದೆ. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಬಂಡೆಗಳಿಂದ ಬಿಡಿಸಿಕೊಂಡ ಇಂಥ ಮಾನಜೈಟ್ ಕಾಳುಗಳು ನದಿಗಳಲ್ಲಿ ಉರುಳಿ ಸಮುದ್ರ ಸೇರಿದವು. ಅಲೆಗಳು ಹಗುರ ಮರಳನ್ನು ಎಳೆದೊಯ್ದು ಭಾರದ ಕಾಳುಗಳನ್ನು ದಡದಲ್ಲಿ ಬಿಟ್ಟವು. ಕೇರಳದ ಚವರ, ಕರುನಾಗಪ್ಪಳ್ಳಿಯ ಕಪ್ಪು ಮರಳು ರೂಪುಗೊಂಡದ್ದು ಹೀಗೆ. ಜಗತ್ತಿನಲ್ಲೇ ಅತಿ ಹೆಚ್ಚು ನೈಸರ್ಗಿಕ ವಿಕಿರಣವಿರುವ ಜನವಸತಿಗಳಲ್ಲಿ ಅದೂ ಒಂದು. ಮಂಗಳೂರಿನ ಪಕ್ಕದ ಉಳ್ಳಾಲದ ಕಡಲತೀರದಲ್ಲೂ ಮಾನಜೈಟ್ ಮರಳಿನ ಇಂಥದೊಂದು ಸಣ್ಣ ಪಟ್ಟಿಯನ್ನು ಸಂಶೋಧಕರು 1990ರ ದಶಕದಲ್ಲಿ ವರದಿ ಮಾಡಿದ್ದರು.

ಯುರೇನಿಯಂ ಒಂದೇ ಏಟಿಗೆ ಸೀಸವಾಗುವುದಿಲ್ಲ. ಹದಿನಾಲ್ಕು ಹೆಜ್ಜೆಗಳಲ್ಲಿ ಒಂದರಿಂದ ಇನ್ನೊಂದಾಗುತ್ತ ಕೊನೆಗೆ ಸ್ಥಿರವಾದ ಸೀಸದಲ್ಲಿ ನಿಲ್ಲುತ್ತದೆ. ನಡುವಿನ ಒಂದು ಹೆಜ್ಜೆ ರೇಡಾನ್ ಎಂಬ ಅನಿಲ, ಅರ್ಧಾಯುಷ್ಯ 3.8 ದಿನ. ಬೆಟ್ಟದ ತೆಳು, ಸಡಿಲ ಮಣ್ಣಿನ ಸಂದುಗಳಿಂದ ಅದು ಹೊರಬಂದು ಗಾಳಿಗೆ ಸೇರುತ್ತದೆ. ಅಲ್ಲಿ ಒಡೆದು ಸೀಸ-210 ಆಗಿ, ಧೂಳಿಗೆ ಅಂಟಿ, ಮಳೆಯಲ್ಲಿ ಮತ್ತೆ ನೆಲಕ್ಕೆ ಬರುತ್ತದೆ. ಬಾಹ್ಯಾಕಾಶದ ಕಿರಣಗಳು ವಾತಾವರಣದ ಸಾರಜನಕ, ಆಮ್ಲಜನಕಗಳಿಗೆ ಬಡಿದು ಬೆರಿಲಿಯಂ-7 ಹುಟ್ಟಿಸುತ್ತವೆ, ಅದೂ ಮಳೆಯಲ್ಲೇ ಇಳಿಯುತ್ತದೆ. ಹಾಗಾಗಿ ಪ್ರಕೃತಿಯಲ್ಲೂ ವಿಕಿರಣ ಎರಡು ಕಡೆಯಿಂದ ಬರುತ್ತದೆ, ಕೆಳಗಿನ ಬಂಡೆಯಿಂದ ಮತ್ತು ಮೇಲಿನ ಆಕಾಶದಿಂದ. ಮಣ್ಣಿನಲ್ಲಿ ಅಗೆದಷ್ಟೂ ಒಂದೇ ಸಮ ಸಿಗುವುದು ಬಂಡೆಯದು. ಮೇಲಿನ ಕೆಲವು ಸೆಂಟಿಮೀಟರುಗಳಲ್ಲೇ ಮುಗಿದುಹೋಗುವುದು ಆಕಾಶದಿಂದ ಬಿದ್ದದ್ದು. ಪರಮಾಣು ಬಾಂಬಿನ ಸೀಸಿಯಂ ಕೂಡ ಈ ಎರಡನೇ ಗುಂಪಿಗೇ ಸೇರುತ್ತದೆ.

ಮೇಲಿನಿಂದ ಬಂದದ್ದು

1945ರಿಂದ ಆಚೆಗೆ ನೆಲದ ಮೇಲೂ ಆಕಾಶದಲ್ಲೂ ನೂರಾರು ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಲಾಯಿತು. ದೊಡ್ಡ ಬಾಂಬುಗಳು ವಾತಾವರಣದ ಕೆಳಪದರವನ್ನು ದಾಟಿ ಮೇಲಿನ ವಾಯುಸ್ತರಕ್ಕೇ ತಮ್ಮ ಬೂದಿಯನ್ನು ತೂರಿದವು. ಅಲ್ಲಿಂದ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಭೂಮಿಯ ಸುತ್ತ ಉದುರುತ್ತ ಬಂತು. 1963ರ ಆಗಸ್ಟ್‌ನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮಾಸ್ಕೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ವಾತಾವರಣದಲ್ಲಿ ಸಿಡಿಸುವುದನ್ನು ನಿಲ್ಲಿಸಿದವು. ಫ್ರಾನ್ಸ್ 1974ರವರೆಗೆ, ಚೀನಾ 1980ರವರೆಗೆ ಮುಂದುವರಿಸಿದವು. ಉದುರುವಿಕೆ ತುತ್ತತುದಿ ಮುಟ್ಟಿದ್ದು 1963ರಲ್ಲಿ. ಜಗತ್ತಿನ ಕೆರೆಗಳ ಹೂಳಿನಲ್ಲೂ ಮುಟ್ಟದೆ ಬಿಟ್ಟ ಹುಲ್ಲುಗಾವಲುಗಳಲ್ಲೂ ಆ ಗುರುತು ಇಂದಿಗೂ ಸಿಗುತ್ತದೆ.

ಒಂದು ಹೋಲಿಕೆಯನ್ನು ಇಲ್ಲಿ ಹೇಳಲೇಬೇಕು, ಬಹಳ ಜನರಿಗೆ ಇದು ತಿಳಿದಿಲ್ಲ. ಚೆರ್ನೋಬಿಲ್ ಹೊರಗೆ ಬಿಟ್ಟ ಸೀಸಿಯಂ-137ರ ಸುಮಾರು ಹತ್ತು ಪಟ್ಟು ಸೀಸಿಯಂ-137 ಬಾಂಬು ಪರೀಕ್ಷೆಗಳಿಂದ ಭೂಮಿಗೆ ಬಿದ್ದಿದೆ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಬಾಂಬಿನದು ಇಡೀ ಭೂಗೋಳದ ಮೇಲೆ ತೆಳ್ಳಗೆ ಹರಡಿತು. ಚೆರ್ನೋಬಿಲ್‌ನದು ಯುರೋಪಿನ ಮೇಲೆ, ಅದರಲ್ಲೂ ಮೋಡ ಹಾದುಹೋಗುವಾಗ ಮಳೆ ಬಂದ ಜಾಗಗಳ ಮೇಲೆ, ದಟ್ಟವಾಗಿ ಸುರಿಯಿತು.

ಬೆಟ್ಟಗಳಿಗೆ ಹೆಚ್ಚಿನ ಪಾಲು ಬರುವುದು ಮಳೆಯಿಂದಲೇ. ಕಂಬ್ರಿಯಾದ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಆಗುಂಬೆ ಕಂಡ ನಮಗೆ ಅದು ದೊಡ್ಡದೆನಿಸದಿರಬಹುದು, ಇಂಗ್ಲೆಂಡಿಗೆ ಬಹಳ ದೊಡ್ಡದು. ಮಳೆಯ ಪ್ರಮಾಣದ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಕಡಲ ಗಾಳಿ ಬೆಟ್ಟ ಹತ್ತುವಾಗ ನೆತ್ತಿಯ ಮೇಲೆ ಮೋಡವೊಂದು ಟೋಪಿಯ ಹಾಗೆ ಕೂರುತ್ತದೆ. ಗಾಳಿಯಲ್ಲಿದ್ದ ಸೂಕ್ಷ್ಮ ಕಣಗಳ ಸುತ್ತಲೇ ಅದರ ಹನಿಗಳು ಕಟ್ಟಿರುತ್ತವೆ. ಇನ್ನೂ ಎತ್ತರದ ಮೋಡದಿಂದ ಬೀಳುವ ಮಳೆಹನಿ ಈ ಮೋಡದ ಮೂಲಕ ಹಾದುಬರುವಾಗ ಆ ಕೊಳಕು ಹನಿಗಳನ್ನೂ ಬಾಚಿಕೊಂಡು ಇಳಿಯುತ್ತದೆ. ಹೀಗಾಗಿ ಬೆಟ್ಟದ ಮೇಲೆ ಮಳೆಯೂ ಹೆಚ್ಚು, ಮಳೆಯ ಪ್ರತಿ ಲೀಟರಿನಲ್ಲಿ ಕಲ್ಮಶವೂ ಹೆಚ್ಚು. ಇದನ್ನು ಅಳೆದು ತೋರಿಸಿದ ಪ್ರಸಿದ್ಧ ಜಾಗಗಳಲ್ಲಿ ಒಂದು ಕಂಬ್ರಿಯಾದ್ದೇ ಆದ ಗ್ರೇಟ್ ಡನ್ ಫೆಲ್ ಎಂಬ ಬೆಟ್ಟ. 1986ರ ಮೇ 2, 3ರಂದು ಚೆರ್ನೋಬಿಲ್‌ನ ಮೋಡ ಬ್ರಿಟನ್ನಿನ ಮೇಲೆ ಬಂದಾಗ ಈ ಬೆಟ್ಟಗಳ ಮೇಲೆ ಜೋರು ಮಳೆಯಾಯಿತು. ದಕ್ಷಿಣ ಇಂಗ್ಲೆಂಡಿನ ಬಹುಭಾಗ ಒಣಗಿತ್ತು, ಹೆಚ್ಚುಕಡಿಮೆ ಪಾರಾಯಿತು.

ಆಲ್ಪ್ಸ್‌ನಲ್ಲಿ ಹಿಮ ಇನ್ನೊಂದು ಆಟ ಆಡಿತು. ಆ ಮೇ ತಿಂಗಳ ಮೊದಲಲ್ಲಿ ಎತ್ತರದ ಇಳಿಜಾರುಗಳು ಇನ್ನೂ ಹಿಮದಡಿ ಇದ್ದವು. ಸೀಸಿಯಂ ಬಿದ್ದದ್ದು ಹಿಮದ ಮೇಲೆ. ಬೇಸಿಗೆಯಲ್ಲಿ ಹಿಮ ಕರಗಿ ಹರಿಯುತ್ತ ತಗ್ಗುಗಳಲ್ಲಿ ನಿಂತು ಇಂಗಿತು. ಫ್ರಾನ್ಸಿನ ಮರ್ಕಾಂಟೂರ್ ಪರ್ವತಗಳಲ್ಲಿ ಒಂದೆರಡು ಮೀಟರು ಅಗಲದ, ಸುತ್ತಲಿನ ನೆಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸಿಯಂ ಇರುವ ಪುಟ್ಟ ಪುಟ್ಟ ಮಚ್ಚೆಗಳು ಹುಟ್ಟಿದ್ದು ಹೀಗೆ. ಅಲ್ಲಿ ಹತ್ತು ಹೆಜ್ಜೆ ಆಚೆ ತೆಗೆದ ಮಾದರಿ ಬೇರೆಯೇ ಕಥೆ ಹೇಳುತ್ತದೆ. ಬೆಟ್ಟದಲ್ಲಿ ಒಂದೇ ಮಾದರಿ ತೆಗೆದು ಇಡೀ ಕಣಿವೆಯ ಬಗ್ಗೆ ತೀರ್ಪು ಕೊಡುವ ವರದಿಗಳನ್ನು ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಜೇಡಿಮಣ್ಣು ಹಿಡಿಯುವುದು ಹೇಗೆ, ಬೆಟ್ಟ ಬಿಡುವುದು ಹೇಗೆ

ಇನ್ನು ಕುರಿಗಳ ಪ್ರಶ್ನೆಗೆ ಬರೋಣ. ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಸೀಸಿಯಂ ಇರುವುದು ಪೊಟ್ಯಾಸಿಯಂನ ಸಾಲಿನಲ್ಲೇ, ಅದರ ಎರಡು ಮನೆ ಕೆಳಗೆ. ನೀರಿನಲ್ಲಿ ಕರಗಿದಾಗ ಎರಡೂ ಒಂದೊಂದು ಧನ ವಿದ್ಯುದಂಶ ಹೊತ್ತ ಅಯಾನುಗಳು. ಗಿಡದ ಬೇರು ಪೊಟ್ಯಾಸಿಯಂಗೆಂದು ತೆರೆದ ಬಾಗಿಲಲ್ಲಿ ಸೀಸಿಯಂ ಕೂಡ ಒಳಗೆ ನುಗ್ಗುತ್ತದೆ. ಪ್ರಾಣಿಯ ಮಾಂಸಖಂಡಕ್ಕೂ ಅದೇ ದಾರಿ. ಗಿಡದ ಸುತ್ತ ಪೊಟ್ಯಾಸಿಯಂ ಧಾರಾಳವಾಗಿದ್ದರೆ ಸೀಸಿಯಂಗೆ ಪೈಪೋಟಿ ಹೆಚ್ಚು, ಒಳಹೋಗುವುದು ಕಡಿಮೆ. ಪೊಟ್ಯಾಸಿಯಂ ಕೊರತೆಯಿದ್ದರೆ ಹಸಿದ ಬೇರು ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಫುಕುಶಿಮಾ ಅಪಘಾತದ ನಂತರ ಜಪಾನಿನ ಭತ್ತದ ಗದ್ದೆಗಳಿಗೆ ಹೆಚ್ಚುವರಿ ಪೊಟ್ಯಾಷ್ ಹಾಕಿಸಿದ್ದು ಈ ಲೆಕ್ಕದಲ್ಲೇ, ಅಕ್ಕಿಯಲ್ಲಿ ಸೀಸಿಯಂ ಇಳಿಸಲು ಅದು ಚೆನ್ನಾಗಿ ಕೆಲಸ ಮಾಡಿತು.

ಜೇಡಿಮಣ್ಣಿನ ಪಾತ್ರ ಇನ್ನೂ ಸೊಗಸಾದದ್ದು. ಕಾಗೆಬಂಗಾರವನ್ನು ಉಗುರಿನಿಂದ ಪದರಪದರವಾಗಿ ಬಿಡಿಸಿದ್ದು ನಿಮಗೆ ನೆನಪಿರಬಹುದು. ಆ ಪದರಗಳನ್ನು ಒಂದಕ್ಕೊಂದು ಹಿಡಿದಿಡುವುದು ನಡುವೆ ಕೂತ ಪೊಟ್ಯಾಸಿಯಂ. ಇಲೈಟ್ ಎಂಬ ಜೇಡಿ ಖನಿಜ ಈ ಕಾಗೆಬಂಗಾರದ ಹತ್ತಿರದ ಬಂಧು. ಗಾಳಿಮಳೆಗೆ ಸವೆದಾಗ ಅದರ ಪದರಗಳ ಅಂಚಿನಿಂದ ಪೊಟ್ಯಾಸಿಯಂ ಜಾರಿಹೋಗಿ ಅಂಚು ಬಿಚ್ಚಿಕೊಳ್ಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಅಯಾನುಗಳು ತಮ್ಮ ಸುತ್ತ ನೀರಿನ ಕಣಗಳನ್ನು ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ದಪ್ಪಗಾಗಿ ಆ ಸಂದಿಯಲ್ಲಿ ಹಿಡಿಸುವುದಿಲ್ಲ. ಸೀಸಿಯಂ ತನ್ನ ನೀರನ್ನು ಸುಲಭವಾಗಿ ಕಳಚುತ್ತದೆ, ಸಂದಿಗೆ ಸರಿಯಾಗಿ ಕೂರುತ್ತದೆ. ಕ್ರಮೇಣ ಅಂಚು ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೇರಿಗೂ ನೀರಿಗೂ ಅದು ಸಿಗುವುದು ಬಹಳ ಕಷ್ಟ. ಇಂಥ ಜಾಗಗಳು ಮಣ್ಣಿನಲ್ಲಿ ಕೆಲವೇ ಇದ್ದರೂ ಸಾಕು, ಬಿದ್ದ ಸೀಸಿಯಂನ ಪರಮಾಣುಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಕಡಿಮೆ.

ಕಂಬ್ರಿಯಾದ ಎತ್ತರದ ಹುಲ್ಲುಗಾವಲುಗಳಲ್ಲಿ ಈ ಜೇಡಿಯೇ ಇಲ್ಲ, ಅಥವಾ ಇದ್ದರೂ ಬೇರಿನ ಮಟ್ಟಕ್ಕಿಂತ ಕೆಳಗಿದೆ. ಚಳಿ, ಸದಾ ತೇವ, ಆಮ್ಲೀಯ ಮಣ್ಣು. ಸತ್ತ ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಶತಮಾನಗಳಿಂದ ಪೇರಿಕೊಂಡು ಪೀಟ್ ಎಂಬ ಕಪ್ಪು ಸ್ಪಂಜಿನಂಥ ನೆಲವಾಗಿದೆ. ಪೀಟ್ ಕೂಡ ಸೀಸಿಯಂ ಹಿಡಿಯುತ್ತದೆ, ಸಡಿಲವಾಗಿ ಹಿಡಿಯುತ್ತದೆ. ಇನ್ನಾವುದೋ ಅಯಾನು ಬಂದು ತಳ್ಳಿದರೆ ಬಿಟ್ಟುಕೊಡುತ್ತದೆ. ಪೊಟ್ಯಾಸಿಯಂ ಅಲ್ಲಿ ಮೊದಲೇ ಕಡಿಮೆ. ಬೆಟ್ಟಕ್ಕೆ ಯಾರೂ ಪೊಟ್ಯಾಷ್ ಹಾಕುವುದಿಲ್ಲ, ನೇಗಿಲು ಹೂಡುವುದಿಲ್ಲ. ಬಯಲಿನಲ್ಲಾದರೆ ಒಂದು ಉಳುಮೆಗೆ ಮೇಲಿನ ಸೀಸಿಯಂ ಇಪ್ಪತ್ತು ಮೂವತ್ತು ಸೆಂಟಿಮೀಟರು ಆಳದವರೆಗೆ ಬೆರೆತು ತೆಳುವಾಗುತ್ತದೆ. ಬೆಟ್ಟದಲ್ಲಿ ಅದು ಹುಲ್ಲಿನ ಬೇರು ಇರುವಲ್ಲೇ ಕೂತಿತು. ಹುಲ್ಲು, ಹೆದರ್ ಪೊದೆಗಳು ಅದನ್ನು ಹೀರಿದವು, ಕುರಿ ತಿಂದಿತು, ಹಿಕ್ಕೆಯಲ್ಲಿ ಅದೇ ನೆಲಕ್ಕೆ ವಾಪಸು ಬಿಟ್ಟಿತು. ಎಲೆ ಉದುರಿ ಕೊಳೆತು ಮತ್ತೆ ಬೇರಿಗೆ ಸೇರಿತು. ಮೂರು ವಾರದ ಜಾಗದಲ್ಲಿ ಇಪ್ಪತ್ತಾರು ವರ್ಷ ಬಂದದ್ದು ಈ ಸುತ್ತಾಟದಿಂದ.

ಕುರಿಗಾಹಿಗಳು ಈ ವ್ಯವಹಾರದಲ್ಲಿ ಪಟ್ಟ ಪಾಡನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಕುರಿಗಳನ್ನು ಬೆಟ್ಟದಿಂದ ಇಳಿಸಿ ಕಣಿವೆಯ ಹುಲ್ಲಿನಲ್ಲಿ ಮೇಯಿಸಿ ಎಂಬ ಸಲಹೆ ಬಂತು. ವೈಜ್ಞಾನಿಕವಾಗಿ ಅದು ಸರಿ, ಶುದ್ಧ ಮೇವು ತಿಂದರೆ ಕುರಿಯ ಮೈಯ ಸೀಸಿಯಂ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಆದರೆ ಕಣಿವೆಯ ಅಂಗೈಯಗಲ ಹುಲ್ಲು ಚಳಿಗಾಲಕ್ಕೆ ಒಣಹುಲ್ಲು ಮಾಡಿಕೊಳ್ಳಲು ಇಟ್ಟದ್ದು. ಬೇಸಿಗೆಯಲ್ಲೇ ಅದನ್ನು ಮೇಯಿಸಿದರೆ ಚಳಿಗಾಲಕ್ಕೆ ಏನು? ಬೆಂಟೊನೈಟ್ ಜೇಡಿಯನ್ನು ನೆಲಕ್ಕೆ ಚೆಲ್ಲಿ ಸೀಸಿಯಂ ಹಿಡಿಯುತ್ತದೆಯೇ ನೋಡಲು ವಿಜ್ಞಾನಿಗಳು ಬೇಲಿ ಹಾಕಿ ಕುರಿಗಳನ್ನು ಕೂಡಿ ಪ್ರಯೋಗ ನಡೆಸಿದರು. ತೆರೆದ ಬೆಟ್ಟದಲ್ಲಿ ಅಡ್ಡಾಡಿ ಬೆಳೆದ ಕುರಿಗಳು ಬೇಲಿಯೊಳಗೆ ಸೊರಗುತ್ತವೆ, ನಿಮ್ಮ ಲೆಕ್ಕ ಕೆಡುತ್ತದೆ ಎಂದು ಸಾಕುವವರು ಮೊದಲೇ ಹೇಳಿದ್ದರು. ಕೇಳಲಿಲ್ಲ. ಕೊನೆಗೆ ಅದೇ ಕಾರಣಕ್ಕೆ ಪ್ರಯೋಗ ಕೈಬಿಡಬೇಕಾಯಿತು. ಆ ನೆಲದ ಬಗ್ಗೆ, ಆ ಪ್ರಾಣಿಯ ಬಗ್ಗೆ ತಲೆಮಾರುಗಳಿಂದ ಗೊತ್ತಿದ್ದವರನ್ನು ಮೊದಲ ದಿನವೇ ಕೂರಿಸಿ ಮಾತಾಡಿದ್ದರೆ ಬೆಟ್ಟದ ಮಣ್ಣು ಬಯಲಿನ ಮಣ್ಣಿನಂತಲ್ಲ ಎನ್ನುವುದಾದರೂ ಬೇಗ ಹೊಳೆಯುತ್ತಿತ್ತು.

ನಾರ್ವೆಯಲ್ಲಿ ಕಷ್ಟ ಇನ್ನೊಂದು ರೂಪದಲ್ಲಿ ಬಂತು. ಅಲ್ಲಿನ ಬೆಟ್ಟಗಳಲ್ಲಿ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವುದು ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯವನ್ನು. ಇವಕ್ಕೆ ಬೇರಿಲ್ಲ, ಮಳೆಗಾಳಿಯಿಂದಲೇ ಎಲ್ಲ ಹೀರುತ್ತವೆ, ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಆ ಮಾಂಸವೇ ಜೀವನವಾದ ಸಮುದಾಯ ಉಳಿಯಲೆಂದು ನಾರ್ವೆ 1986ರ ನವೆಂಬರ್‌ನಲ್ಲಿ ಹಿಮಸಾರಂಗದ ಮಾಂಸಕ್ಕೆ ಕಿಲೊಗೆ 600 ಇದ್ದ ಮಿತಿಯನ್ನು 6000 ಬೆಕೆರೆಲ್‌ಗೆ ಏರಿಸಿತು. ಜೊತೆಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ವರ್ಣದ್ರವ್ಯವನ್ನು ಮೇವಿನಲ್ಲಿ, ಉಪ್ಪಿನಲ್ಲಿ, ಹೊಟ್ಟೆಯಲ್ಲಿ ನಿಧಾನ ಕರಗುವ ಉಂಡೆಯಾಗಿ ಪ್ರಾಣಿಗಳಿಗೆ ಕೊಟ್ಟರು. ಅದು ಕರುಳಿನಲ್ಲೇ ಸೀಸಿಯಂ ಹಿಡಿದು ಸಗಣಿಯಲ್ಲಿ ಹೊರಹಾಕುತ್ತದೆ. ಸರಳವಾದ, ಅಗ್ಗವಾದ, ನಿಜಕ್ಕೂ ಕೆಲಸಕ್ಕೆ ಬಂದ ಉಪಾಯ.

ಯಾರದು ಈ ಸೀಸಿಯಂ

ಕಂಬ್ರಿಯಾದ ಜನರಿಗೆ ಇನ್ನೊಂದು ಅನುಮಾನವಿತ್ತು. ಅವರ ಬೆಟ್ಟಗಳ ಬುಡದಲ್ಲೇ ಸೆಲ್ಲಾಫೀಲ್ಡ್ ಪರಮಾಣು ಸಂಕೀರ್ಣ. ಅದನ್ನು ವಿಂಡ್‌ಸ್ಕೇಲ್ ಎಂದು ಕರೆಯುತ್ತಿದ್ದ ಕಾಲದಲ್ಲಿ, 1957ರ ಅಕ್ಟೋಬರ್‌ನಲ್ಲಿ, ಅಲ್ಲೊಂದು ರಿಯಾಕ್ಟರಿಗೆ ಬೆಂಕಿ ಬಿದ್ದಿತ್ತು. ಎಲ್ಲವನ್ನೂ ದೂರದ ಚೆರ್ನೋಬಿಲ್ ತಲೆಗೆ ಕಟ್ಟುತ್ತಿದ್ದಾರೆ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇದನ್ನು ಬಿಡಿಸಲು ಒಂದು ದಾರಿಯಿದೆ. ರಿಯಾಕ್ಟರಿನಲ್ಲಿ ಸೀಸಿಯಂ-137ರ ಜೊತೆಗೆ ಅದರದೇ ಇನ್ನೊಂದು ರೂಪವಾದ ಸೀಸಿಯಂ-134 ಕೂಡ ಹುಟ್ಟುತ್ತದೆ, ಅರ್ಧಾಯುಷ್ಯ ಎರಡೇ ವರ್ಷ. ಬಾಂಬಿನಲ್ಲಿ ಅದು ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಚೆರ್ನೋಬಿಲ್‌ನ ಬೂದಿಯಲ್ಲಿ 137ರ ಅರ್ಧದಷ್ಟು 134 ಇತ್ತು. ಮಣ್ಣಿನಲ್ಲಿ ಆ ಪಾಲು ಅದಕ್ಕಿಂತ ಕಡಿಮೆ ಕಂಡರೆ ಉಳಿದದ್ದು ಹಳೆಯದು ಎಂದರ್ಥ. ಹೀಗೆ ಅಳೆದಾಗ ಕಂಬ್ರಿಯಾದ ಮಾದರಿಗಳಲ್ಲಿ ಚೆರ್ನೋಬಿಲ್‌ನ ಪಾಲು ಸುಮಾರು ಅರ್ಧ ಮಾತ್ರ ಎಂದು ತಿಳಿದುಬಂತು. ಮಿಕ್ಕದ್ದು ಬಾಂಬು ಪರೀಕ್ಷೆಗಳದ್ದು, ವಿಂಡ್‌ಸ್ಕೇಲ್‌ನದ್ದು. ಜನರ ಅನುಮಾನ ಪೂರ್ತಿ ಹುಸಿಯಾಗಿರಲಿಲ್ಲ.

ಸೀಸಿಯಂ-134 ಈಗ ಕರಗಿಹೋಗಿದೆ, ಆ ದಾರಿ ಮುಚ್ಚಿದೆ. ಇನ್ನೊಂದು ದಾರಿಯನ್ನು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೊಗಸಾಗಿ ಬಳಸಿತು. ಜರ್ಮನಿಯ ಬವೇರಿಯದ ಕಾಡುಹಂದಿಗಳಲ್ಲಿ ದಶಕಗಳು ಕಳೆದರೂ ಸೀಸಿಯಂ ಇಳಿಯದಿರುವುದು ಒಂದು ಒಗಟಾಗಿತ್ತು. ಜಿಂಕೆಗಳಲ್ಲಿ ಇಳಿದಿತ್ತು, ಹಂದಿಗಳಲ್ಲಿ ಇಲ್ಲ. ಸಂಶೋಧಕರು 48 ಹಂದಿಗಳ ಮಾಂಸದಲ್ಲಿ ಸೀಸಿಯಂ-135 ಮತ್ತು 137ರ ಅನುಪಾತ ಅಳೆದರು. ರಿಯಾಕ್ಟರಿನಲ್ಲಿ ಸೀಸಿಯಂ-135 ಕಡಿಮೆ ಹುಟ್ಟುತ್ತದೆ, ಏಕೆಂದರೆ ಅದರ ತಾಯಿಯಾದ ಕ್ಸೆನಾನ್-135 ನ್ಯೂಟ್ರಾನ್ ನುಂಗಿ ಬೇರೆಯೇ ಆಗಿಬಿಡುತ್ತದೆ. ಬಾಂಬಿನಲ್ಲಿ ಕ್ಷಣದಲ್ಲಿ ಎಲ್ಲ ಮುಗಿಯುವುದರಿಂದ ಆ ನುಂಗುವಿಕೆಗೆ ಸಮಯವಿಲ್ಲ, 135ರ ಪಾಲು ಹೆಚ್ಚು. ಈ ಲೆಕ್ಕದಲ್ಲಿ ಹಂದಿಗಳ ಸೀಸಿಯಂನಲ್ಲಿ ಬಾಂಬಿನ ಪಾಲು ಶೇಕಡಾ 12ರಿಂದ 68ರವರೆಗೆ ಇತ್ತು. 88 ಶೇಕಡಾ ಮಾದರಿಗಳು ಕಿಲೊಗೆ 600 ಬೆಕೆರೆಲ್‌ನ ಮಿತಿ ಮೀರಿದ್ದವು. ಹಂದಿಗಳು ಚಳಿಗಾಲದಲ್ಲಿ ನೆಲ ಬಗೆದು ಜಿಂಕೆ ಟ್ರಫಲ್ ಎಂಬ ನೆಲದೊಳಗಿನ ಅಣಬೆ ತಿನ್ನುತ್ತವೆ. ಕಾಡಿನ ಮಣ್ಣಿನಲ್ಲಿ ಸೀಸಿಯಂ ವರ್ಷಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. 1960ರ ದಶಕದಲ್ಲಿ ಬಿದ್ದದ್ದು ಆ ಅಣಬೆಯ ಮಟ್ಟ ತಲುಪಿಯಾಗಿದೆ, 1986ರದ್ದು ತಲುಪುತ್ತಿದೆ. ಹಾಗಾಗಿ ಹಂದಿಗಳ ಕಥೆ ಸದ್ಯಕ್ಕೆ ಮುಗಿಯುವುದಿಲ್ಲ.

ಸಂಖ್ಯೆ ಓದುವಾಗ

ಪ್ರಯೋಗಾಲಯದಲ್ಲಿ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಮೂರು ನಾಲ್ಕು ವಾರ ಇಡುತ್ತಾರೆ. ರೇಡಾನ್ ತಪ್ಪಿಸಿಕೊಳ್ಳದೆ ಅದರ ಮರಿಗಳ ಜೊತೆ ಸಮತೋಲಕ್ಕೆ ಬರಲಿ ಎಂದು. ಆಮೇಲೆ ದ್ರವ ಸಾರಜನಕದಿಂದ ತಣಿಸಿದ ಜರ್ಮೇನಿಯಂ ಡಿಟೆಕ್ಟರಿನ ಮುಂದೆ ಗಂಟೆಗಟ್ಟಲೆ ಇಟ್ಟರೆ ಗಾಮಾ ಕಿರಣಗಳು ತಮ್ಮ ತಮ್ಮ ಶಕ್ತಿಯಲ್ಲಿ ಶಿಖರಗಳಾಗಿ ಮೂಡುತ್ತವೆ. ಸೀಸಿಯಂ-137ರದ್ದು 662 ಕಿಲೊ ಎಲೆಕ್ಟ್ರಾನ್ ವೋಲ್ಟ್, ಪೊಟ್ಯಾಸಿಯಂ-40ರದ್ದು 1461, ಥೋರಿಯಂ ಸರಣಿಯದ್ದು 2615. ಒಂದೇ ಚಿತ್ರದಲ್ಲಿ ನೈಸರ್ಗಿಕವೂ ಕೃತಕವೂ ಪಕ್ಕಪಕ್ಕ ನಿಂತಿರುತ್ತವೆ.

ಫಲಿತಾಂಶ ಕಿಲೊಗೆ ಇಷ್ಟು ಎಂದಿದೆಯೋ, ಚದರ ಮೀಟರಿಗೆ ಇಷ್ಟು ಎಂದಿದೆಯೋ ನೋಡಬೇಕು. ಬೆಟ್ಟದ ಮಣ್ಣಿನಲ್ಲಿ ಇದು ದೊಡ್ಡ ಮೋಸ ಮಾಡುತ್ತದೆ. ಒಂದು ಚದರ ಮೀಟರು ನೆಲದ ಮೇಲಿನ ಹತ್ತು ಸೆಂಟಿಮೀಟರಿನಲ್ಲಿ 10,000 ಬೆಕೆರೆಲ್ ಸೀಸಿಯಂ ಇದೆ ಎಂದಿಟ್ಟುಕೊಳ್ಳಿ. ಸಾಮಾನ್ಯ ಹೊಲದ ಮಣ್ಣಾದರೆ ಅಷ್ಟು ಮಣ್ಣಿನ ತೂಕ ಸುಮಾರು 130 ಕಿಲೊ, ಹಾಗಾಗಿ ಕಿಲೊಗೆ 77 ಬೆಕೆರೆಲ್. ಪೀಟ್ ಆದರೆ ಒಣಗಿದ ಮೇಲೆ ತೂಕ 15 ಕಿಲೊ ಇದ್ದರೆ ಹೆಚ್ಚು, ಕಿಲೊಗೆ 667 ಬೆಕೆರೆಲ್. ಬಿದ್ದದ್ದು ಎರಡೂ ಕಡೆ ಒಂದೇ. ಕಿಲೊ ಲೆಕ್ಕ ಮಾತ್ರ ಓದಿದವರು ಬೆಟ್ಟ ಎಂಟು ಪಟ್ಟಿಗೂ ಹೆಚ್ಚು ಕೆಟ್ಟಿದೆ ಎಂದು ಬರೆಯುತ್ತಾರೆ.

ಅಪಾಯದ ಲೆಕ್ಕಕ್ಕೂ ಒಂದು ಮಾತು. ಬ್ರಿಟನ್ನಿನ ಮಿತಿ ಕಿಲೊ ಮಾಂಸಕ್ಕೆ 1000 ಬೆಕೆರೆಲ್ ಇತ್ತು. ಆ ಮಿತಿಗೆ ಸರಿಯಾಗಿರುವ ಒಂದು ಕಿಲೊ ಮಾಂಸ ತಿಂದರೆ ದೊಡ್ಡವರಿಗೆ ಸೇರುವ ವಿಕಿರಣ ಸುಮಾರು 0.013 ಮಿಲಿಸೀವರ್ಟ್ (ದೇಹದ ಮೇಲಾಗುವ ವಿಕಿರಣದ ಪರಿಣಾಮವನ್ನು ಅಳೆಯುವ ಮಾನ). ನಿಸರ್ಗದಿಂದಲೇ ಒಬ್ಬರಿಗೆ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ಬರುತ್ತದೆ, ಅದಕ್ಕೆ ಸರಿಗಟ್ಟಲು ಅಂಥ ಮಾಂಸ 180 ಕಿಲೊಗೂ ಹೆಚ್ಚು ಬೇಕು. ಮಿತಿಯನ್ನು ಎಚ್ಚರದಿಂದಲೇ ಇಟ್ಟಿದ್ದರು, ಅದು ಸರಿಯೇ. ಗಾಬರಿ ಬೇಕಿರಲಿಲ್ಲ, ಸರಿಯಾದ ಅಳತೆ ಮತ್ತು ಸರಿಯಾದ ಮಾಹಿತಿ ಬೇಕಿತ್ತು.

ನಮ್ಮ ಘಟ್ಟದ ಮಣ್ಣು

ಪಶ್ಚಿಮ ಘಟ್ಟದ ಮೇಲೆ ಚೆರ್ನೋಬಿಲ್‌ನಂಥ ಮೋಡ ಸುರಿದಿಲ್ಲ. ಬಾಂಬಿನ ಬೂದಿ ಬಿದ್ದಿದೆ, ಕಡಿಮೆ ಬಿದ್ದಿದೆ. ವಾಯುಸ್ತರದಿಂದ ಅದು ಹೆಚ್ಚಾಗಿ ಇಳಿದದ್ದು ಉತ್ತರಾರ್ಧದ ನಡುವಿನ ಅಕ್ಷಾಂಶಗಳಲ್ಲಿ, ಸಮಭಾಜಕದ ಕಡೆ ಬಂದಂತೆ ಪಾಲು ಇಳಿಯುತ್ತದೆ. 1963ರದ್ದರಲ್ಲಿ ಈಗ ಕಾಲು ಭಾಗಕ್ಕಿಂತಲೂ ಕಡಿಮೆ ಉಳಿದಿದೆ. ಉತ್ತರ ಕನ್ನಡದ ಕೈಗಾದಲ್ಲಿ ರಿಯಾಕ್ಟರ್ ಮೊದಲು ಚಾಲೂ ಆದದ್ದು 1999ರಲ್ಲಿ. ಅದಕ್ಕೂ ಮುಂಚೆಯೇ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿನ ಮಣ್ಣು, ಸಸ್ಯಗಳ ವಿಕಿರಣಶೀಲತೆ ಅಳೆದು ದಾಖಲಿಸಿದರು. ಇಂಥ ಮುಂಚಿನ ದಾಖಲೆಯ ಬೆಲೆ ದೊಡ್ಡದು. ಇಂದು ಆ ಕಾಡಿನ ಮಣ್ಣಿನಲ್ಲಿ ಸೀಸಿಯಂ-137 ಕಂಡರೆ ಅದು ಹಳೆಯ ಬಾಂಬಿನದೇ, ಹೊಸತೇ ಎಂದು ಕೇಳಲು ಹೋಲಿಸುವ ಆಧಾರವೊಂದು ಇದೆ. ಕಂಬ್ರಿಯಾದ ಕುರಿಗಾಹಿಗಳು ಕೇಳುತ್ತಿದ್ದದ್ದೂ ಇಂಥ ದಾಖಲೆಯನ್ನೇ, ತಮ್ಮ ಬೆಟ್ಟಗಳಲ್ಲಿ 1986ಕ್ಕೆ ಮೊದಲು ಎಷ್ಟಿತ್ತು ಎಂದು.

ನಮ್ಮ ಮಣ್ಣಿನ ಸ್ವಭಾವ ಮಾತ್ರ ಯೋಚಿಸುವಂತೆ ಮಾಡುತ್ತದೆ. ಯುಗಗಳಿಂದ ಮಳೆ ತೊಳೆದ ಮುರಕಲ್ಲಿನ ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ. ಅಲ್ಲಿನ ಜೇಡಿ ಬಹುಪಾಲು ಕೆಯೊಲಿನೈಟ್, ಸೀಸಿಯಂ ಹಿಡಿದಿಡುವ ಬಿಚ್ಚಿದ ಅಂಚುಗಳು ಅದಕ್ಕಿಲ್ಲ. ಮೇಲೆ ದಪ್ಪ ತರಗೆಲೆ, ಅದರಡಿ ಕಪ್ಪು ಗೊಬ್ಬರಮಣ್ಣು, ಮಳೆಗಾಲದ ಅಣಬೆಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಪೊಟ್ಯಾಷ್ ಬೀಳುತ್ತದೆ, ಪಕ್ಕದ ಶೋಲಾ ಹುಲ್ಲುಗಾವಲಿಗೆ ಬೀಳುವುದಿಲ್ಲ. ಒಂದೇ ಮಳೆಯಲ್ಲಿ ಒಂದೇ ಪ್ರಮಾಣದ ಸೀಸಿಯಂ ಎರಡರ ಮೇಲೂ ಬಿದ್ದರೆ ಎರಡು ಕಡೆಯ ಗಿಡಗಳು ಅದನ್ನು ಒಂದೇ ರೀತಿ ಹೀರುತ್ತವೆ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಘಟ್ಟದ ಮಣ್ಣನ್ನು ಅಳೆಯಲು ಹೊರಟವರು ಬೆಕೆರೆಲ್ ಜೊತೆಗೆ ಜೇಡಿಯ ಜಾತಿ, ಪೊಟ್ಯಾಸಿಯಂ, ಕೊಳೆತ ಸಸ್ಯಾಂಶ, ಮಣ್ಣಿನ ಸಾಂದ್ರತೆ, ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಆಳದ ಲೆಕ್ಕ ಎಲ್ಲವನ್ನೂ ಬರೆದಿಡಬೇಕು. ಅದೇ ಜಾಗದ ಅಣಬೆ ಮತ್ತು ಹುಲ್ಲಿನ ಮಾದರಿಯನ್ನೂ ತೆಗೆದಿಡಬೇಕು.